ನಾಲ್ಕು ಬೆರಳು ಇಳಿದ ಕಾರು

ಬೀದಿಗೊಂದು ಕಾರು ಇದ್ದರೆ ಅದೇ ಹೆಚ್ಚು ಎನ್ನುವಂಥ ದಿನಗಳಲ್ಲಿ, ರಾಜಾಜಿನಗರದ ನಮ್ಮ ಬೀದಿಯ ಆ ಒಂದು ಕಾರು ನಮ್ಮದಾಗಿತ್ತು. ಜಂಬಕ್ಕೆ ಹೇಳುತ್ತಿಲ್ಲ. ಅದು ನಮ್ಮ ಮನೆಗೆ ಬಂದದ್ದೇ ಶಾರದಕ್ಕನ ಕಾಲು ಮುರಿದದ್ದರಿಂದ. ಇಲ್ಲದಿದ್ದರೆ ದಿನಾ ಬಸ್ಸಿಗೆ ಜೋತುಬಿದ್ದು ಕಚೇರಿಗೆ ಹೋಗುತ್ತಿದ್ದ ನಮ್ಮಪ್ಪನಿಗೆ ಕಾರಿನ ಗೊಡವೆ ಯಾಕೆ ಬೇಕಿತ್ತು?

ಎಪ್ಪತ್ತರ ದಶಕದ ಒಂದು ಬೇಸಿಗೆ. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೇಳು. ತಾರಸಿಯ ಮೇಲೆ ಸಂಡಿಗೆ ಇಟ್ಟು ಏಣಿ ಇಳಿಯುತ್ತಿದ್ದವಳು ಜಾರಿ ಬಿದ್ದಳು. ಎಡತೊಡೆಯ ಮೂಳೆ ಮುರಿಯಿತು. ಇವತ್ತಿಗೂ ಇಂಗು, ಹಸಿಮೆಣಸಿನಕಾಯಿ ಬೆರೆತ ಸಂಡಿಗೆ ಹಿಟ್ಟಿನ ವಾಸನೆ ಬಂದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿ ಅಕ್ಕ ಮನೆಗೆ ಬಂದಳು. ಆಮೇಲೂ ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. "ಮೂಳೆ ಕೂಡ್ತಾ ಇದೆ. ಕಾಲು ಕುಲುಕಬಾರದು, ಅದೊಂದನ್ನ ನೋಡ್ಕೊಳ್ಳಿ," ಎಂದು ಡಾಕ್ಟರು ಅಪ್ಪನಿಗೆ ಹೇಳಿ ಕಳಿಸಿದ್ದರು. ಆಟೋದಲ್ಲಿ ಅದು ಆಗದ ಮಾತು. ಅಪ್ಪ ಕಚೇರಿಯ ಹಿರಿಯರೊಬ್ಬರ ಹಳೇ ಫಿಯೆಟ್ ಕೊಂಡರು.

ಕಾರೇನೋ ಬಂತು. ಆದರೆ ನಮ್ಮಕ್ಕ ಗಿಡ್ಡಿ. ಹಿಂದಿನ ಸೀಟು ಅವಳಿಗೆ ಎತ್ತರವಾಯಿತು. ಆ ಕಾಲನ್ನು ಎತ್ತಿ ಬಾಗಿಲು ದಾಟಿಸುವುದಂತೂ ಅವಳ ಕೈಲಿ ಆಗುತ್ತಲೇ ಇರಲಿಲ್ಲ. ಕೆಳಗೆ ಮಣೆ ಇಟ್ಟು ನೋಡಿದರು. ಅದು ವಾಲಿದ್ದೇ ತಡ, ಅಕ್ಕ ಕಿರುಚಿಕೊಂಡ ಸದ್ದಿಗೆ ಬೀದಿಗೆ ಬೀದಿಯೇ ಹೊರಗೆ ಬಂತು. ಕೊನೆಗೆ ಅಪ್ಪನೇ ಅವಳನ್ನು ಎರಡು ಕೈಯಲ್ಲೂ ಎತ್ತಿ ಒಳಗೆ ಕೂರಿಸಬೇಕಾಯಿತು.

ಹದಿನೇಳರ ಹುಡುಗಿಯನ್ನು ಬೀದಿಯಲ್ಲಿ ಎಲ್ಲರೆದುರು ಎತ್ತುವುದು! ಅಕ್ಕ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಕುಂಟೆಬಿಲ್ಲೆ ಆಡುತ್ತಿದ್ದ ನಾವು ಆಟ ನಿಲ್ಲಿಸಿ ನೋಡುತ್ತಿದ್ದೆವು. ಎದುರುಮನೆಯ ಮಂಜುಳ ಒಂದು ದಿನ, ಬಿಲ್ಲೆ ಕೈಯಲ್ಲಿ ಹಿಡಿದೇ, "ನಿಮ್ಮಕ್ಕನ್ನ ಅಕ್ಕಿ ಮೂಟೆ ಎತ್ತಿದಂಗೆ ಎತ್ತುತಾರಲ್ಲೇ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಥೂ, ಎಂಥ ತಂಗಿ ನಾನು! ನಕ್ಕು, ಮನೆಗೆ ಹೋಗಿ, ಬಚ್ಚಲುಮನೆಯಲ್ಲಿ ಕೂತು ಅತ್ತೆ. ಅಕ್ಕನಿಗಾಗಿ ಅತ್ತೆನೋ, ನನಗಾದ ಅವಮಾನಕ್ಕೆ ಅತ್ತೆನೋ ಆಗ ಗೊತ್ತಾಗಲಿಲ್ಲ. ಈಗ ಗೊತ್ತು, ನನಗಾಗಿಯೇ ಅತ್ತದ್ದು.

ಆ ವಾರವೇ ಅಕ್ಕ ಅಪ್ಪನ ಹತ್ತಿರ ಮೆಲ್ಲಗೆ ಹೇಳಿದಳು: "ಕಾರು ಸ್ವಲ್ಪ ಕೆಳಗಿದ್ದಿದ್ರೆ ನಾನೇ ಹತ್ತಿಬಿಡ್ತಿದ್ದೆ ಅಪ್ಪಾ." ಮುಂದಿನ ಭಾನುವಾರ ಅಪ್ಪ ನನ್ನನ್ನೂ ಕೂರಿಸಿಕೊಂಡು ಮಾಗಡಿ ರಸ್ತೆಯ ಆರ್ಮುಗಂ ಮೇಸ್ತ್ರಿಯ ಗ್ಯಾರೇಜಿಗೆ ಹೋದರು.

ಗ್ಯಾರೇಜೆಂದರೆ ಹೊಂಗೆಮರದ ಕೆಳಗೆ ಒಂದು ತಗಡಿನ ಚಪ್ಪರ, ಅಷ್ಟೆ. ಗ್ರೀಸು, ಬೀಡಿ ಮತ್ತು ಬಿಸಿಲಿಗೆ ಕಾದ ರಬ್ಬರಿನ ವಾಸನೆ. ನಾವು ಹೋದಾಗಲೆಲ್ಲ ಮೇಸ್ತ್ರಿ ಖಾಕಿ ಜೇಬಿನಿಂದ ನನಗೊಂದು ಪೆಪ್ಪರಮೆಂಟು ಕೊಡುತ್ತಿದ್ದ. ಅದಕ್ಕೂ ಬೀಡಿಯ ಘಾಟು.

"ಇಳಿಸೋದು ಸುಲಭ ಸಾರ್," ಅಂದ. "ಯಾರು ಬೇಕಾದ್ರೂ ಇಳಿಸ್ತಾರೆ. ಇಳಿಸಿದ ಮೇಲೂ ಮೆತ್ತಗೆ ಓಡ್ಬೇಕಲ್ಲ, ಅದು ಕಷ್ಟ."

ಕಾರಿನ ಹಿಂಭಾಗವನ್ನು ಹೊತ್ತಿರುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಆ ಬಾಗು ಕಡಿಮೆ ಮಾಡಿದರೆ ಕಾರು ಇಳಿಯುತ್ತದೆ. ಮೇಸ್ತ್ರಿ ಎರಡು ಜೊತೆ ತಯಾರು ಮಾಡಿದ. ಒಂದು ಜೊತೆ ಹಾಕಿದರೆ ಎರಡು ಬೆರಳು ಇಳಿಯುತ್ತಿತ್ತು, ಮೆತ್ತಗಿತ್ತು. ಇನ್ನೊಂದು ನಾಲ್ಕು ಬೆರಳು ಇಳಿಸುತ್ತಿತ್ತು. ಆದರೆ ಅಷ್ಟು ಇಳಿದ ಕಾರು ಗುಂಡಿಗೆ ಬಿದ್ದಾಗ ತಳ ನೆಲಕ್ಕೆ ಬಡಿಯಬಾರದೆಂದು ಅದಕ್ಕೆ ದಪ್ಪ ಪಟ್ಟಿ ಹಾಕಿದ್ದ, ಹಾಗಾಗಿ ಅದು ಗಡುಸು. ಮುಂದಿನ ಚಕ್ರಗಳಿಗೂ ಅದಕ್ಕೆ ತಕ್ಕಂತೆ. ಎರಡು ಬೆರಳಾದರೆ ಅಕ್ಕನಿಗೆ ಯಾರಾದರೂ ಕೈಕೊಡಬೇಕು, ಕಾಲನ್ನು ಎತ್ತಿಡಬೇಕು. ನಾಲ್ಕು ಬೆರಳಾದರೆ ಯಾರೂ ಬೇಡ.

"ಯಾವುದು ಅಂತ ನೀರು ಹೇಳುತ್ತೆ ಸಾರ್," ಅಂದ ಮೇಸ್ತ್ರಿ. ಬಸುರಿಯರ ಕಾರು, ಮುದುಕರ ಕಾರು ಎಲ್ಲಕ್ಕೂ ಅವನದು ಇದೇ ಪರೀಕ್ಷೆಯಂತೆ. ಹಿಂದಿನ ಸೀಟಿನಲ್ಲಿ ಅಕ್ಕನ ಮತ್ತು ಅಮ್ಮನ ತೂಕಕ್ಕೆ ರಾಗಿ ಮೂಟೆ. ಅವುಗಳ ಪಕ್ಕದಲ್ಲಿ ನಾನು. ನನ್ನ ತೊಡೆಯ ಮೇಲೆ ಕಂಠದವರೆಗೆ ನೀರು ತುಂಬಿದ ಹಿತ್ತಾಳೆ ಚೊಂಬು. ವಿಜಯನಗರದ ಕಡೆ ಆಗ ಇನ್ನೂ ಜಲ್ಲಿ ಹಾಸಿದ ರಸ್ತೆಗಳು, ಆಚೀಚೆ ಖಾಲಿ ಸೈಟುಗಳು. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ನೀರು ಚೆಲ್ಲುತ್ತದೋ ಅದೇ ಲೆಕ್ಕ.

"ಅಲ್ಲಾಡಿಸ್ಬೇಡ ಪಾಪಾ. ನೀನೇ ಅಕ್ಕ ಅಂತ ತಿಳ್ಕೊ," ಅಂದ.

ಎರಡು ಬೆರಳಿನ ಜೊತೆ ಹಾಕಿ ಓಡಿಸಿದಾಗ ಒಂದು ಗುಟುಕು ಚೆಲ್ಲಿರಬಹುದು. ಆಮೇಲೆ ನಾಲ್ಕು ಬೆರಳಿನದು ಹಾಕಿದ. ಮೊದಲನೆಯ ಮೋರಿ ದಾಟುವಾಗಲೇ ಕಾರು ಒದ್ದ ರಭಸಕ್ಕೆ ನನ್ನ ಹಲ್ಲು ಕಟಕಟ ಅಂದವು. ನೀರು ತಣ್ಣಗೆ ತೊಡೆ ಮೇಲೆ ಹರಿಯಿತು. ವಾಪಸು ಬರುವಷ್ಟರಲ್ಲಿ ಚೊಂಬು ಅರ್ಧ ಖಾಲಿ.

ನನ್ನ ಕಾಲ ಬಳಿ ರೇಡಿಯೇಟರಿಗೆಂದು ಇಟ್ಟಿದ್ದ ನೀರಿನ ಡಬ್ಬವಿತ್ತು. ಅಪ್ಪ, ಮೇಸ್ತ್ರಿ ಇಬ್ಬರೂ ಮುಂದೆ ನೋಡುತ್ತಿದ್ದರು. ನನ್ನ ಕಿವಿಯಲ್ಲಿ ಮಂಜುಳ ನಗುತ್ತಿದ್ದಳು. ಡಬ್ಬ ಬಗ್ಗಿಸಿ ಚೊಂಬು ತುಂಬಿಸಿದೆ. ನನ್ನದು ಕಡುನೀಲಿ ಲಂಗ. ಒದ್ದೆಯಾದದ್ದು ಕಾಣಲಿಲ್ಲ.

"ಚೆಲ್ಲೇ ಇಲ್ವಾ?" ಮೇಸ್ತ್ರಿ ಚೊಂಬಿನೊಳಗೆ ಇಣುಕಿ ಕೇಳಿದ.

"ಇಲ್ಲ."

ಅವನು ತಲೆ ಕೆರೆದುಕೊಂಡ. "ನನ್ ಸೊಂಟಕ್ಕೆ ಚೆನ್ನಾಗೇ ಒದೀತು ಸಾರ್. ನೀರಿಗೆ ಯಾಕೆ ಒದ್ದಿಲ್ಲ ಅಂತ ತಿಳೀತಿಲ್ಲ."

"ನಿನ್ನ ಸೊಂಟಕ್ಕೆ ವಯಸ್ಸಾಯ್ತು ಬಿಡಯ್ಯಾ," ಅಂದರು ಅಪ್ಪ. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು ಅವತ್ತೇ. "ಇದೇ ಇರ್ಲಿ. ಮಗು ತಾನೇ ಹತ್ಲಿ, ಇಳೀಲಿ."

ಮಾರನೆಯ ದಿನ ಅಕ್ಕ ಊರುಗೋಲನ್ನು ಅಮ್ಮನ ಕೈಗೆ ಕೊಟ್ಟು, ಹಿಮ್ಮುಖವಾಗಿ ಸೀಟಿನ ಮೇಲೆ ಕೂತು, ಎಡಗಾಲನ್ನು ಎರಡು ಕೈಯಲ್ಲೂ ಹಿಡಿದು ತಾನೇ ಒಳಗಿಟ್ಟುಕೊಂಡಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮಂಜುಳಳನ್ನು ನೋಡಿದೆ. ಅವಳು ಬಿಲ್ಲೆ ಎಸೆದು ಕುಂಟತೊಡಗಿದಳು. ನನಗೆ ಗೆದ್ದಷ್ಟು ಖುಷಿಯಾಯಿತು.

ಆ ಖುಷಿ ಎಷ್ಟು ದಿನ? ಆಸ್ಪತ್ರೆಯಿಂದ ಬಂದಾಗಲೆಲ್ಲ ಅಕ್ಕನ ತುಟಿ ಬಿಳಿಚಿಕೊಂಡಿರುತ್ತಿತ್ತು. ಕೇಳಿದರೆ "ಏನಿಲ್ಲ, ಬಿಸಿಲು" ಅನ್ನುತ್ತಿದ್ದಳು. ಮಳೆ ಹಿಡಿಯಿತು, ರಸ್ತೆಯ ಗುಂಡಿಗಳು ದೊಡ್ಡವಾದವು, ಅಕ್ಕ ಬಿಸಿಲಿನ ನೆಪವನ್ನೂ ಹೇಳುವುದು ಬಿಟ್ಟಳು. ಹೇಳಿಬಿಡೋಣವೆಂದು ಎಷ್ಟೋ ಸಲ ಅಪ್ಪನ ಕುರ್ಚಿಯ ತನಕ ಹೋಗಿ ಹಿಂದಿರುಗಿದೆ. ಒಂದು ದಿನ ಎಕ್ಸ್‌ರೇ ನೋಡಿ ಡಾಕ್ಟರು, ಕೂಡುತ್ತಿದ್ದ ಮೂಳೆ ಜರುಗಿದೆ ಅಂದರು. ಹೇಗಿದ್ದರೂ ಹೀಗೆ ಆಗಬಹುದಿತ್ತು ಎಂದೂ ಅಂದರಂತೆ. ಅಪ್ಪ ಆ ಎರಡನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನಿಗೆ ಮತ್ತೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರು.

ಅಪ್ಪ ನೇರ ಗ್ಯಾರೇಜಿಗೆ ನುಗ್ಗಿದರು. ನಾನು ಕಾರಿನಲ್ಲೇ ಇದ್ದೆ.

"ಕಬ್ಬಿಣ ಕಟ್ಟಿ ನನ್ನ ಮಗಳ ಕಾಲು ತೆಗೆದ್ಯಲ್ಲಯ್ಯಾ!"

"ನೀರು ಚೆಲ್ಲಲಿಲ್ಲ ಸಾರ್, ನೀವೇ ನೋಡಿದ್ರಿ..." ಮೇಸ್ತ್ರಿ ಮಾತು ನಿಲ್ಲಿಸಿ, ಕಾರಿನ ಕಿಟಕಿಯಲ್ಲಿದ್ದ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ನಾನು ತಲೆ ಬಗ್ಗಿಸಿದೆ.

"ನನ್ದೇ ತಪ್ಪು ಸಾರ್," ಅಂದ ಕೊನೆಗೆ. "ನನ್ ಸೊಂಟದ ಮಾತು ಕೇಳ್ಬೇಕಿತ್ತು."

ಅವತ್ತೇ ಎರಡು ಬೆರಳಿನ ಜೊತೆ ಹಾಕಿಕೊಟ್ಟ. ಹೊರಡುವಾಗ ಎಂದಿನಂತೆ ನನಗೊಂದು ಪೆಪ್ಪರಮೆಂಟು ಕೊಟ್ಟ. ಒಂದು ಮಾತು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಮನೆ ತಲುಪುವಷ್ಟರಲ್ಲಿ ಅದು ಮುಷ್ಟಿಯೊಳಗೇ ಕರಗಿ ಅಂಟಾಗಿತ್ತು. ಅಪ್ಪ ಮತ್ತೆ ಆ ಗ್ಯಾರೇಜಿಗೆ ಹೋಗಲಿಲ್ಲ.

ಸಂಜೆ ಅಕ್ಕ ಮಲಗಿದ್ದಲ್ಲಿಂದಲೇ ಕರೆದಳು. "ಬಾರೇ ಇಲ್ಲಿ. ಅವತ್ತು ಗ್ಯಾರೇಜಿಂದ ಬಂದಾಗ ನಿನ್ನ ಲಂಗ ತೊಪ್ಪೆಯಾಗಿತ್ತು. ನನ್ನ ಪಕ್ಕ ಕೂತ್ಯಲ್ಲ, ಹಾಸಿಗೆಯೆಲ್ಲಾ ಒದ್ದೆ. ಅಪ್ಪ ನೋಡಿದ್ರೆ ನೀರು ಚೆಲ್ಲೇ ಇಲ್ಲ ಅಂತಿದ್ರು."

ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. "ಗೊತ್ತಿದ್ರೂ ಅಪ್ಪಂಗೆ ಯಾಕೆ ಹೇಳ್ಲಿಲ್ಲ ಅಕ್ಕಾ?"

"ಹೇಳಿದ್ರೆ ಮತ್ತೆ ಇನ್ನೊಬ್ರು ಹತ್ತಿಸ್ಬೇಕಿತ್ತಲ್ಲೇ," ಅಂದಳು. "ನಂಗೂ ನಾನೇ ಹತ್ಬೇಕಿತ್ತು ಕಣೇ. ಬಿಡು, ಯಾರಿಗೂ ಹೇಳ್ಬೇಡ."

ಹೇಳಲಿಲ್ಲ. ಮೇಸ್ತ್ರಿಯ ತಲೆಯ ಮೇಲಿದ್ದ ಆ ತಪ್ಪನ್ನು ಇಳಿಸದೆಯೇ ಅಪ್ಪ ಹೋಗಿಬಿಟ್ಟರು. ಗ್ಯಾರೇಜು ಯಾವಾಗ ಮುಚ್ಚಿತೋ ತಿಳಿಯದು. ಮಾಗಡಿ ರಸ್ತೆಯಲ್ಲಿ ಹೋಗುವಾಗ ಈಗಲೂ ಹುಡುಕುತ್ತೇನೆ. ಹೊಂಗೆಮರವಿದ್ದ ಜಾಗ ಇದೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ. ಈಗಿನ ಕಾರುಗಳಲ್ಲಿ ತುಂಬಿದ ಚೊಂಬು ಇಟ್ಟರೂ ತುಳುಕುವುದಿಲ್ಲ. ಅದನ್ನು ತೊಡೆಯ ಮೇಲಿಟ್ಟು ಪರೀಕ್ಷೆ ಮಾಡುವ ಮೇಸ್ತ್ರಿಯೂ ಇಲ್ಲ.

ಅಕ್ಕನ ಎಡಗಾಲು ಎರಡು ಬೆರಳು ಗಿಡ್ಡವಾಗಿಯೇ ಉಳಿಯಿತು. ಒಂದು ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡು ಶಾಲೆಯಲ್ಲಿ ಪಾಠ ಮಾಡಿದಳು, ಬಸ್ಸು ಹತ್ತಿದಳು, ಊರೆಲ್ಲ ತಿರುಗಿದಳು. ಎಂಥ ಕಾರಿದ್ದರೂ ಮೊದಲು ಹಿಮ್ಮುಖವಾಗಿ ಕೂತು, ಆ ಕಾಲನ್ನು ಎರಡು ಕೈಯಲ್ಲೂ ಹಿಡಿದು ಒಳಗಿಟ್ಟುಕೊಳ್ಳುತ್ತಿದ್ದಳು. ನಾನು ಪ್ರತಿ ಸಲವೂ ಕೈ ಚಾಚುತ್ತಿದ್ದೆ. "ಏ ಹೋಗೇ," ಎಂದು ತಳ್ಳುತ್ತಿದ್ದಳು. ನಲವತ್ತೈದು ವರ್ಷ ತಳ್ಳಿದಳು.

ಹೋದ ವರ್ಷ ಅವಳನ್ನು ಆಸ್ಪತ್ರೆಗೆ ಸೇರಿಸಲು ಹೊರಟೆವು. ಕಾರಿನ ಬಾಗಿಲು ತೆಗೆದು ನಾನು ಸುಮ್ಮನೆ ಪಕ್ಕಕ್ಕೆ ಸರಿದು ನಿಂತೆ. ಅಕ್ಕ ಬಾಗಿಲ ಹತ್ತಿರ ಬಂದವಳು ನಿಂತಳು, ನನ್ನ ಕಡೆ ನೋಡಿದಳು, ತಾನಾಗಿಯೇ ಕೈ ಚಾಚಿದಳು. "ಹತ್ತಿಸೇ," ಅಂದಳು.

ಹತ್ತಿಸಿದೆ. ಆ ಕಾರಿನಲ್ಲಿ ಅವಳು ವಾಪಸು ಬರಲಿಲ್ಲ.