ಮೂತಿ ಇಟ್ಟ ದೋಣಿ

ಹಲವಾಗಲಿನ ಹೊಳೆದಂಡೆಯಲ್ಲಿ ದುರುಗಪ್ಪನ ಹೊಸ ದೋಣಿಯ ಪರೀಕ್ಷೆ ನಡೆದಿತ್ತು. ಇಷ್ಟು ವರ್ಷ ದುಂಡನೆಯ ಹರಿಗೋಲು ಕಟ್ಟಿದವನು, ಮೊಬೈಲಿನಲ್ಲಿ ದೋಣಿ ವಿನ್ಯಾಸದ ಪಾಠ ನೋಡಿ ಮೊದಲ ಸಲ ಚೂಪು ಮೂತಿಯದೊಂದನ್ನು ಮಾಡಿದ್ದ. ನಾಗವ್ವನ ಕುರಿಗಳು ಇದರಲ್ಲಿ ದಾಟಿದರೆ ಉಳಿದ ಕುರಿಗಾರರೂ ಬರುತ್ತಾರೆ. ಇಲ್ಲದಿದ್ದರೆ ಮತ್ತೆ ಹರಿಗೋಲೇ ಗತಿ.

ಟಗರು ಮೊದಲು ಹತ್ತಿತು. ಅದು ಬೆಳ್ಳಗಿತ್ತೋ ಕರ್ರಗಿತ್ತೋ, ಬರೆಯುವಾಗಲೇ ನನಗೆ ಅನುಮಾನ. ನೆಟ್ಟಗೆ ಮೂತಿಗೆ ಹೋಗಿ ನಿಂತದ್ದು ಮಾತ್ರ ನಿಜ. ಕುರಿಗಳೆಲ್ಲ ಅದರ ಹಿಂದೆಯೇ ಹೋಗಿ ಒತ್ತಿಕೊಂಡವು. ಮೂತಿ ನೀರಿಗೆ ಬಾಗಿತು, ಹಿಂಭಾಗ ಮೇಲೆದ್ದಿತು.

“ಹರಿಗೋಲಿಗೆ ಹಿಂದು ಮುಂದು ಇರಲಿಲ್ಲ, ಕುರಿ ಎಲ್ಲಿ ಬೇಕಲ್ಲಿ ನಿಲ್ತಿದ್ವು. ಇದಕ್ಕ ಮೂತಿ ಯಾಕ ಇಟ್ಟಿಯೋ?” ಎಂದಳು ನಾಗವ್ವ.

“ನೀರು ಸೀಳಾಕ, ಯಕ್ಕಾ. ಪಾಠದಾಗ ಹಂಗ ಹೇಳ್ಯಾರ.”

“ಪಾಠದಾಗ ಕುರಿ ಇದ್ವೇನು?”

ದುರುಗಪ್ಪ ತಲೆ ಕೆರೆದುಕೊಂಡು ಸುತ್ತ ನೋಡಿದ. ಹರಪನಹಳ್ಳಿ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಹೊಳೆ ನೋಡಲು ಬಂದಿದ್ದ ನನ್ನ ಮೇಲೆ ಅವನ ಕಣ್ಣು ಬಿತ್ತು. ಸರಿಯಾಗಿ ಹೇಳಬೇಕೆಂದರೆ, ನನ್ನ ಹೊಟ್ಟೆಯ ಮೇಲೆ.

“ಸಾಹೇಬ್ರ, ಹಿಂದ ಒಂಚೂರು ಕುಂದರ್ರಿ.”

ಕುಳಿತೆ. ದೋಣಿ ಸಮವಾಯಿತು, ನಾಗವ್ವನೂ ಹತ್ತಿದಳು. ನಾನು ಏಳುವ ಮೊದಲೇ ದುರುಗಪ್ಪ ಹುಟ್ಟು ಹಾಕಿಬಿಟ್ಟ.

ಆಚೆ ದಡದಲ್ಲಿ ಕುರಿಗಳು ಒಂದೂ ನೆನೆಯದೆ ಇಳಿದವು. ಈಚೆ ದಡದ ಊರಿನಿಂದ ನನ್ನ ಬಸ್ಸಿನ ಹಾರ್ನ್ ಕೇಳಿಸಿತು.

ನಾಗವ್ವ ದೋಣಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

“ದೋಣಿ ಅಡ್ಡಿಯಿಲ್ಲ ದುರುಗಪ್ಪ. ಸಂಜಿಗೆ ಇದರಾಗ ವಾಪಸ್ ಬರ್ತೀವಿ. ಅಲ್ಲೀತನಕ ಈ ಸಾಹೇಬ್ರನ್ನ ಎಲ್ಲೂ ಬಿಡಬ್ಯಾಡ.”