ಕುಂಕುಮ ಹಚ್ಚಿದ ನೋಟೀಸು

ಆ ಕಾಗದ ನೆನಪಾದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ನಲವತ್ತರ ದಶಕದ ಕೊನೆ, ನಾವು ತಿಕೋಟಾದವರು. ನನ್ನನ್ನು ವಿಜಾಪುರದ ಟ್ರೇನಿಂಗ್ ಶಾಲೆಗೆ ಹಾಕಿ, ಮಕ್ಕಳಿಗೆ ಕಲಿಸುವ ಅಕ್ಕಾವರನ್ನಾಗಿ ಮಾಡಬೇಕೆಂದು ಅವ್ವ ತನ್ನ ಕೈಯ ಬಂಗಾರದ ಪಾಟಲಿ ಮಾರಿ, ಬಂದ ಹಣವನ್ನು ಅಲ್ಲಿಯದೇ ಒಂದು ಬ್ಯಾಂಕಿನಲ್ಲಿಟ್ಟಿದ್ದಳು. ಇಟ್ಟಮೇಲೆ ಮುಟ್ಟಲಿಲ್ಲ. ಮುಟ್ಟದ್ದೇ ತಪ್ಪಾಯಿತು! ವರ್ಷಗಟ್ಟಲೆ ವ್ಯವಹಾರವಿಲ್ಲದ ಖಾತೆ ಎಂದು ಬ್ಯಾಂಕಿನವರು ಅದನ್ನು ಮುಚ್ಚಲು ಹೊರಟರು.

ಮುಚ್ಚುವ ಮುಂಚೆ ಒಂದು ನೋಟೀಸು ಕಳಿಸಿದರು, ಇಂಗ್ಲಿಷಿನಲ್ಲಿ. ನಾನು ಓದಿದ್ದು ಕನ್ನಡ ಏಳನೇ ಇಯತ್ತೆ. ಊರಲ್ಲಿ ಇಂಗ್ಲಿಷ್ ಬಲ್ಲವರಿರಲಿಲ್ಲ ಎಂದಲ್ಲ, ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ದಪ್ಪ ಕಾಗದ, ಮೇಲೆ ಮೊಹರು. ಅವ್ವ ಅದನ್ನು ರೊಕ್ಕದ ಪತ್ರವೆಂದೇ ತಿಳಿದಳು. ಎದುರಿಗೆ ದೀಪಾವಳಿ. ಅಂಗಡಿಯವರು ಲೆಕ್ಕದ ಪುಸ್ತಕ ಪೂಜಿಸುವ ಹಾಗೆ ಅವಳೂ ಕಾಗದವನ್ನು ದೇವರ ಜಗಲಿಯ ಮೇಲಿಟ್ಟು, ಅರಿಷಿಣ ಕುಂಕುಮ ಏರಿಸಿ ಊದಿನಕಡ್ಡಿ ಬೆಳಗಿದಳು. ನಾನೂ ಕೈ ಮುಗಿದೆ, ಹುಚ್ಚಿ.

ಬೇಸಿಗೆಯಲ್ಲಿ ಫೀ ಕಟ್ಟಲು ಹಣ ತೆಗೆಯಹೋದರೆ ಗುಮಾಸ್ತ, "ನಿಮ್ಮ ಖಾತೆ ಮುಚ್ಚೇತಿ. ವಾಯಿದೆ ಮುಗದೈತಿ, ರೊಕ್ಕ ಬ್ಯಾಂಕಿಗೆ ಸೇರೇತಿ" ಎಂದ. ಅವರ ಮನೆ ಹಾಳಾಗ!

ಅದೇ ತಿಂಗಳು ಅಸೆಂಬ್ಲಿಯ ಮೆಂಬರರೊಬ್ಬರು ನಮ್ಮ ಸೀಮೆಯ ಬಬಲೇಶ್ವರದ ಚಾವಡಿಗೆ ಬಂದರು. ಖಾತೆ ಮುಚ್ಚುವಾಗ ಬ್ಯಾಂಕಿನವರು ಕಾಯ್ದೆಯಂತೆ ನಡೆದರೋ ಇಲ್ಲವೋ ಎಂದು ಜನರನ್ನು ಕೇಳಿ ಸರಕಾರಕ್ಕೆ ವರದಿ ಒಪ್ಪಿಸುವುದು ಅವರ ಕೆಲಸ. ಅವ್ವ ನೋಟೀಸನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೋದಳು.

ಮೆಂಬರರು ಕುಂಕುಮ ಝಾಡಿಸಿ ಓದಿದರು. "ಯವ್ವಾ, ಎರಡು ತಿಂಗಳದಾಗ ಬಂದು ಕೇಳಿದ್ರ ಪೂರಾ ರೊಕ್ಕ ಕೊಡ್ತೀವಿ ಅಂತ ಬರದಾರಲ್ಲ. ಇದು ನಿಮಗ ಮುಟ್ಟಿತ್ತೋ ಇಲ್ಲೋ?"

"ಮುಟ್ಟಿತ್ರಿ ಯಪ್ಪಾ. ಪೂಜಿನೂ ಮಾಡೇನ್ರಿ."

ಚಾವಡಿ ತುಂಬ ನಗೆ. ಮೆಂಬರರು ನಗಲಿಲ್ಲ, ಒಳ್ಳೆಯವರು. ಒಳ್ಳೆಯವರಾಗಿ ಏನು ಬಂತು? ನೋಟೀಸು ಮುಟ್ಟಿದೆ, ಬ್ಯಾಂಕಿನ ತಪ್ಪಿಲ್ಲ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ವರದಿಯಲ್ಲಿ ಬರೆದರು.

"ಯಾವ ಭಾಷಾದಾಗ ಮುಟ್ಟಿತು, ಅದನ್ನೂ ಬರಕೋರಿ!" ಎಂದು ಚೀರಿದೆ.

"ಕಾಯ್ದೆದಾಗ ಅದನ್ನ ಕೇಳಿಲ್ಲ ತಂಗಿ" ಎನ್ನುತ್ತ ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು.

ನನ್ನ ಟ್ರೇನಿಂಗ್ ಅಲ್ಲಿಗೇ ಮುಗಿಯಿತು. ಮನೆಗೆ ಬಂದವಳೇ ಆ ಕಾಗದ ಹರಿಯಹೋದೆ. ಅವ್ವ ಓಡಿಬಂದು ನನ್ನ ಕೈ ಹಿಡಿದಳು.

"ಹರೀಬ್ಯಾಡ ನನ್ನವ್ವಾ. ನಿನ್ನ ಸಾಲಿ ಅದರಾಗ ಐತಿ ಅಂತ ಕೈ ಮುಗದೇನಿ."