ಬಂಗಾರದ ಗುಂಡಿಯ ಕೋಟು

ಸ್ವೆಟರೊಂದನ್ನು ಮೈಗೆ ತೊಡದೆ ಬೆನ್ನ ಮೇಲೆ ಇಳಿಬಿಟ್ಟು, ಅದರ ಎರಡೂ ತೋಳುಗಳನ್ನು ಎದೆಯ ಮೇಲೆ ಗಂಟು ಹಾಕಿಕೊಂಡು ನಿಂತವರನ್ನು ನೀವೂ ಎಲ್ಲಾದರೂ ನೋಡಿರಬಹುದು. ನಾನು ಮೊದಲು ನೋಡಿದ್ದು ಮಗಳು ಪಲ್ಲವಿ ಫೋನಿಗೆ ಕಳಿಸಿದ ಚಿತ್ರದಲ್ಲಿ, ಅವಳ ಗೆಳತಿಯೊಬ್ಬಳ ಮೈಮೇಲೆ. ಹಾನಗಲ್ಲಿನ ನಮ್ಮ ಪಡಸಾಲೆಯಲ್ಲಿ ಕುಳಿತು, ಕನ್ನಡಕ ಏರಿಸಿ ಇಳಿಸಿ ಎಷ್ಟು ಪರಿಶೀಲಿಸಿದರೂ ಅಲ್ಲಿ ಚಳಿಯಿದೆಯೋ ಸೆಕೆಯಿದೆಯೋ ತಿಳಿಯಲಿಲ್ಲ. ಚಳಿಯಿದ್ದರೆ ತೊಡಬೇಕು, ಇಲ್ಲದಿದ್ದರೆ ಮನೆಯಲ್ಲಿಡಬೇಕು. ತ್ರಿಶಂಕುವಿನಂತೆ ನಡುವೆ ಜೋತಾಡುವ ಸ್ವೆಟರಿನ ತಾತ್ಪರ್ಯವಾದರೂ ಏನು? ನನ್ನ ಹೆಂಡತಿ ಸರೋಜಾ ಮಾತ್ರ ಒಂದೇ ನೋಟಕ್ಕೆ ತೀರ್ಪು ಕೊಟ್ಟಳು: “ಬಿಗಿ ಆಗಿರಬೇಕ್ರಿ ಅದು. ಪಾಪ, ಹೊಸಾದೊಂದು ಕೊಡಸಾಕ ಅವರ ಮನ್ಯಾಗ ಯಾರೂ ಇಲ್ಲೇನ?”

ಪಲ್ಲವಿ ಕಳೆದ ವರ್ಷ ವಿದ್ಯಾರ್ಥಿವೇತನ ಪಡೆದು ಮಹಾನಗರದ ಭಾರೀ ಹೆಸರಿನ ವಿಶ್ವವಿದ್ಯಾಲಯವೊಂದಕ್ಕೆ ಸೇರಿದವಳು. ನಾನೋ ಊರ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ವಸ್ತು ಹೊಸದಿದ್ದಷ್ಟೂ ಬೆಲೆ ಹೆಚ್ಚು ಎಂದು ನಂಬಿ ಬದುಕಿದವನಿಗೆ, ಮಗಳು ಅಲ್ಲಿಯ ಅರ್ಥಶಾಸ್ತ್ರವೇ ಬೇರೆ ಎಂದು ತಿಳಿಸಿಕೊಟ್ಟಳು. ಆ ಆವರಣದಲ್ಲಿ ಹೊಸ ಬಟ್ಟೆ ತೊಟ್ಟವರು ಹೊಸಬರು. ತಲೆಮಾರುಗಳಿಂದ ಉಳ್ಳವರು ಬಣ್ಣಗೆಟ್ಟದ್ದನ್ನು, ಕಾಲರು ಸವೆದದ್ದನ್ನು ಧರಿಸಿ, ಸಂಪತ್ತಿನ ನೆನಪೇ ಇಲ್ಲದವರಂತೆ ಓಡಾಡುತ್ತಾರಂತೆ. ನಾವು ಹುಬ್ಬಳ್ಳಿಗೆ ಕರೆದೊಯ್ದು ಕೊಡಿಸಿದ ಮಿರಿಮಿರಿ ಮಿಂಚುವ ಡ್ರೆಸ್ಸುಗಳ ಇಸ್ತ್ರಿಯ ಗೆರೆಗಳು, ಅವಳು ಬಾಯಿ ತೆರೆಯುವ ಮೊದಲೇ ಅವಳ ಊರನ್ನು ಹೇಳಿಬಿಡುತ್ತಿದ್ದವಂತೆ.

ಹೀಗಾಗಿ ಮೊದಲ ರಜೆಗೆ ಬಂದವಳು ನನ್ನ ಕಪಾಟು ತೆರೆದು, ಹಿಂದೆ ಸರಿಸಿಟ್ಟಿದ್ದ ಹಳೆಯ ಅಂಗಿಯೊಂದನ್ನು ಚೀಲಕ್ಕೆ ತುಂಬಿದಳು.

“ಅದನ್ನ ನೆಲಾ ಒರಸಾಕ ತಗದಿಟ್ಟೇನಲೇ!” ಎಂದು ಸರೋಜಾ ಅಡುಗೆಮನೆಯಿಂದ ಓಡಿಬಂದಳು.

“ನೆಲಕ್ಕ ಬ್ಯಾರೆ ಹುಡುಕವ್ವಾ. ಇದು ನನಗ ಬೇಕು.”

ಆ ಅಂಗಿಗೆ ಅಲ್ಲಿ ಎಲ್ಲಿಲ್ಲದ ಮನ್ನಣೆ ಸಿಕ್ಕಿತಂತೆ. ನಾನು ಕನಸಿನಲ್ಲೂ ಪ್ರವೇಶ ಪಡೆಯಲಾರದ ವಿದ್ಯಾಸಂಸ್ಥೆಗೆ ನನ್ನ ಅಂಗಿ ಪರೀಕ್ಷೆಯಿಲ್ಲದೆ ಪ್ರವೇಶ ಪಡೆಯಿತು. ಅದು ಯಾರದೆಂದು ಮಗಳು ಅಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಕೇಳಲು ಹೋಗಲಿಲ್ಲ.

ಇಷ್ಟರಲ್ಲಿ ಸರೋಜಾಳ ಅಣ್ಣನ ಮಗಳ ಮದುವೆ ಹಿರೇಕೆರೂರಿನಲ್ಲಿ ಗೊತ್ತಾಯಿತು. ಪಲ್ಲವಿ ಫೋನು ಮಾಡಿ, ತನ್ನ ಗೆಳತಿ ತಾರಾ ಕೂಡ ಮದುವೆ ನೋಡಲು ಬರುತ್ತಾಳೆಂದಳು. ಸ್ವೆಟರು ಹೆಗಲಿಗೇರಿಸಿಕೊಂಡಿದ್ದ ಹುಡುಗಿಯೇ ಈ ತಾರಾ.

“ಅಪ್ಪಾ, ನೀ ಏನೂ ಮಾಡಾಕ ಹೋಗಬ್ಯಾಡ. ಸಾದಾ ಇರು, ಅಷ್ಟ ಸಾಕು.”

ಏನೂ ಮಾಡಬೇಡ ಎಂದು ಮಕ್ಕಳು ಹೇಳಿದಾಗ ತಂದೆಯಾದವನಿಗೆ ಕೇಳಿಸುವುದು, ನಿನ್ನಲ್ಲಿ ಏನೋ ಕಡಿಮೆಯಿದೆ ಎಂದೇ. ಮಗಳು ಕಳಿಸಿದ ಇನ್ನೊಂದು ಚಿತ್ರದಲ್ಲಿ ತಾರಾಳ ತಂದೆ ನಿಂತಿದ್ದರು: ಶಾಯಿ ಬಣ್ಣದ ಕೋಟು, ಅದಕ್ಕೆ ಸಾಲಾಗಿ ಬಂಗಾರದ ಬಣ್ಣದ ಗುಂಡಿಗಳು. ಮಗಳ ಮಾನ ನನ್ನ ಎದೆಯ ಮೇಲಿನ ಗುಂಡಿಗಳಲ್ಲಿದೆ ಎಂದು ಆ ಕ್ಷಣವೇ ನಿಶ್ಚಯಿಸಿದೆ.

ಹಾನಗಲ್ಲಿನ ದರ್ಜಿಗಳು ಅಂಥ ಗುಂಡಿ ಸಿಗುವುದಿಲ್ಲವೆಂದು ಕೈಚೆಲ್ಲಿದರು. ಸವಣೂರಿನ ಮೌಲಾಸಾಬರ ಬಳಿ ಸಿಗುತ್ತದೆಂದು ಯಾರೋ ಹೇಳಿದ್ದರಿಂದ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಅವರು ಚಿತ್ರವನ್ನು ನೋಡಿ ನಕ್ಕರು.

“ಫಿಕರ ಮಾಡಬ್ಯಾಡ್ರಿ ಸರ. ಇಂಥಾವು ರಗಡ ಹೊಲದೇನಿ. ಅರಿವೀನೂ ಐತಿ, ಗುಂಡೀನೂ ಅದಾವು.”

ಇಂಥ ಉನ್ನತ ಅಭಿರುಚಿ ಸವಣೂರಿನವರೆಗೆ ತಲುಪಿದೆಯಲ್ಲ ಎಂದು ನನಗೆ ರೋಮಾಂಚನವಾಯಿತು. ಯಾರಿಗೆ ಹೊಲಿದಿರಿ ಎಂಬ ಪ್ರಶ್ನೆಯೊಂದನ್ನು ಕೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ತಾರಾ ಬಂದಳು. ನಗುಮುಖದ, ಬಿಚ್ಚುಮನಸ್ಸಿನ ಹುಡುಗಿ. ಅವಳ ಅಂಗಿಯ ಕಾಲರು ಹಿಂಜಿತ್ತು, ತೋಳಿನ ತುದಿಯಲ್ಲಿ ದಾರಗಳು ನೇತಾಡುತ್ತಿದ್ದವು. ಸರೋಜಾ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಬಡಿಸಿ, ಮಗಳನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು: “ಅವರ ಮನ್ಯಾಗ ಭಾಳ ತ್ರಾಸ ಐತೇನ?”

“ಅವ್ವಾ, ಅದು ಭಾಳ ದುಬಾರಿ ಅಂಗಿ. ಅಂಗಡ್ಯಾಗ ಹರದಽ ಮಾರ್ತಾರ.”

“ಹರಿಯಾಕ ಯಾಕ ರೊಕ್ಕಾ ಕೊಟ್ಟಾಳ? ನಮ್ಮ ಕಡೆ ಕೊಟ್ಟಿದ್ರ ಪುಕ್ಕಟೆ ಹರದ ಕೊಡ್ತಿದ್ವಿ!”

ಮದುವೆಯ ಬೆಳಿಗ್ಗೆ ನಾನು ಕೋಟು ತೊಟ್ಟು ಹೊರಬಂದೆ. ಪಲ್ಲವಿ ಬಹಳ ಹೊತ್ತು ನೋಡಿದಳು. ಆಮೇಲೆ, ಆಸ್ಪತ್ರೆಯಲ್ಲಿ ಮಲಗಿದವರನ್ನು ಮಾತಾಡಿಸುವ ದನಿಯಲ್ಲಿ “ಚಲೋ ಐತಿ ಅಪ್ಪಾ” ಎಂದಳು. ಹಿರೇಕೆರೂರಿನವರೆಗೆ ಗೆರೆ ಮುರಿಯದಂತೆ ಕಾರಿನಲ್ಲಿ ನೆಟ್ಟಗೆ ಕುಳಿತೆ. ಸೆಕೆಗೆ ಬೆವರು ಬೆನ್ನಿನಲ್ಲಿ ಹರಿಯುತ್ತಿದ್ದರೂ ಘನತೆಗೆ ಕುಂದು ಬರಗೊಡಲಿಲ್ಲ.

ಊರ ದೇವಸ್ಥಾನದಿಂದ ಕಲ್ಯಾಣ ಮಂಟಪಕ್ಕೆ ಮದುಮಗನ ಮೆರವಣಿಗೆ ಹೊರಡುವುದಿತ್ತು. ಸರೋಜಾ ಆರತಿ ಹಿಡಿದ ಹೆಂಗಸರೊಡನೆ ಹಿಂದೆ ಉಳಿದಳು, ಅವಳಣ್ಣ ಮಂಟಪದ ಅಡುಗೆಯ ಗಡಿಬಿಡಿಯಲ್ಲಿದ್ದ. ಅಷ್ಟರಲ್ಲಿ ಒಂದು ಟೆಂಪೋ ಬಂದು ನಿಂತಿತು. ಸವಣೂರಿನ ಬ್ಯಾಂಡಿನವರು ಒಬ್ಬೊಬ್ಬರಾಗಿ ಇಳಿದರು. ಶಾಯಿ ಬಣ್ಣದ ಕೋಟು. ಬಂಗಾರದ ಬಣ್ಣದ ಗುಂಡಿ. ಅದೇ ಅರಿವೆ, ಅದೇ ಹೊಲಿಗೆ, ಅದೇ ಮೌಲಾಸಾಬ. ಗುಂಡಿ ಎಂಬ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಉಂಟಷ್ಟೆ. ಅದರೊಳಗೆ ನಾನು ಕುತ್ತಿಗೆಯವರೆಗೆ ಇಳಿದಿದ್ದೆ.

ಪಲ್ಲವಿಯೂ ನೋಡಿದಳು. ನೋಡಿದವಳೇ ತಾರಾಳ ಕೈಹಿಡಿದು ರಸ್ತೆಯ ಆಚೆ ಬದಿಗೆ ಸರಿದಳು. ಬಿಸಿಲಿಗೆ ನೆರಳು ಅರಸಿ ಹೋದಳೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಆದರೆ ನೆರಳು ಇದ್ದದ್ದು ನನ್ನ ಬದಿಗೆ.

ಕೋಟು ಕಳಚೋಣವೆಂದರೆ ಒಳಗಿನ ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಏನು ಮಾಡಲೆಂದು ನಿಂತಿರುವಾಗಲೇ ಬ್ಯಾಂಡು ಶುರುವಾಯಿತು, ಬೀಗರ ಕಡೆಯ ಹಿರಿಯರೊಬ್ಬರು ಎದುರು ಬಂದರು. ಅವರು ರಟ್ಟೀಹಳ್ಳಿಯ ಚನ್ನಬಸಪ್ಪನವರು, ಮದುಮಗನ ದೊಡ್ಡಪ್ಪ. ಧೋತರ, ಕೆಂಪು ರುಮಾಲು, ಮೈಕಿನ ಹಂಗಿಲ್ಲದ ಕಂಠ. ನನ್ನನ್ನು ಅವರು ಹಿಂದೆಂದೂ ಕಂಡವರಲ್ಲ.

“ಏ ತಮ್ಮಾ! ಎಲ್ಲಾರೂ ಬಾರಸಾಕತ್ತಾರ, ನೀ ಯಾಕ ಮದುಮಗನಂಗ ಕೈ ಕಟಗೊಂಡ ನಿಂತಿ?” ಎಂದವರೇ, ಟೆಂಪೋದಲ್ಲಿ ಉಳಿದಿದ್ದ ಹಿತ್ತಾಳೆಯ ದೊಡ್ಡ ತಾಳಗಳನ್ನು ತೆಗೆದು ನನ್ನ ಎರಡೂ ಕೈಗೆ ತುರುಕಿದರು.

ನಾನು ಪ್ರಾಧ್ಯಾಪಕ, ಹೆಣ್ಣಿನ ಸೋದರತ್ತೆಯ ಗಂಡ ಎಂದು ಹೇಳಬಹುದಿತ್ತು. ಹೇಳಿದರೆ ಬೀಗರ ಹಿರಿಯರಿಗೆ ಮುಖಭಂಗ. ಜೊತೆಗೆ, ನನ್ನನ್ನು ಬ್ಯಾಂಡಿನವನೆಂದು ತಿಳಿದರೆಂಬ ಸುದ್ದಿ ಇಡೀ ಮೆರವಣಿಗೆಗೆ ಹಬ್ಬುತ್ತದೆ. ಅದರ ಬದಲು ಉಲ್ಲಾಸ ಉಕ್ಕಿ ನಾನೇ ತಾಳ ಹಿಡಿದವನಂತೆ ನಟಿಸುವುದು ಕ್ಷೇಮವೆಂದು ನನ್ನ ಬುದ್ಧಿ ಸಲಹೆ ಕೊಟ್ಟಿತು. ಸಾಲಿನೊಳಗೆ ಸೇರಿಕೊಂಡು ಬಾರಿಸತೊಡಗಿದೆ.

“ಡೋಲ್ ನೋಡಕೋತ ಬಾರಸ್ರಿ ಸರ” ಎಂದು ಪಕ್ಕದವನು ವಿನಯದಿಂದ ತಿದ್ದಿದ. ಡೋಲನ್ನೇ ನೋಡಿದೆ. ನೋಡಿ, ಅದು ಬಿದ್ದ ಮೇಲೆ ನಾನು ಹೊಡೆಯುತ್ತಿದ್ದೆ. ಕುಣಿಯುತ್ತಿದ್ದ ಹುಡುಗರ ಕಾಲುಗಳು ತೊಡರಿದವು. ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಮದುಮಗನ ಬಾಸಿಂಗ ಅಲುಗಿತು.

“ನಿಲ್ಲಸ್ರಿ!” ಎಂದು ಚನ್ನಬಸಪ್ಪನವರು ಕೈಯೆತ್ತಿದರು. ಬ್ಯಾಂಡು ಗಪ್ಪನೆ ನಿಂತಿತು. ಆ ಮೌನದಲ್ಲಿ ನನ್ನ ತಾಳವೊಂದೇ ಮತ್ತೊಮ್ಮೆ ಝಣ್ ಎಂದಿತು.

“ಯಾರ ಅಂವ? ಹೊತ್ತ ಏರೂದ್ರಾಗ ಕುಡದ ಬಂದಾನೇನ? ಹೊರಗ ಹಾಕ್ರಿ ಅವನ್ನ!”

ಎಲ್ಲರೂ ನನ್ನತ್ತ ತಿರುಗಿದರು. ರಸ್ತೆಯ ಆಚೆ ಬದಿಯಲ್ಲಿ ತಾರಾ ಮೆರವಣಿಗೆಯ ವಿಡಿಯೋ ತೆಗೆಯುತ್ತ ನಿಂತಿದ್ದಳು, ಪಕ್ಕದಲ್ಲಿ ಪಲ್ಲವಿ. ನಿಜ ಹೇಳುತ್ತೇನೆ, ಆಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ನನ್ನ ಮಗಳು ಬೇರೆಲ್ಲೋ ನೋಡಲಿ. ಆ ದೊಡ್ಡವರ ನಡುವೆ ಕಷ್ಟಪಟ್ಟು ಒಂದು ಜಾಗ ಮಾಡಿಕೊಂಡಿದ್ದಾಳೆ. ಅದು ಉಳಿಯುವುದಾದರೆ ಕುಡುಕನಾದ ಬ್ಯಾಂಡಿನವನಾಗಿ ಹಿರೇಕೆರೂರಿನಿಂದ ಗಡೀಪಾರಾಗಲು ನಾನು ಸಿದ್ಧನಿದ್ದೆ.

ಪಲ್ಲವಿ ರಸ್ತೆ ದಾಟಿದಳು. ಹುಡುಗರನ್ನು ಸರಿಸಿಕೊಂಡು ನೇರ ಚನ್ನಬಸಪ್ಪನವರ ಮುಂದೆ ನಿಂತಳು.

“ಅಜ್ಜಾರ, ಅವರು ಕುಡದಿಲ್ರಿ. ಅವರಿಗೆ ತಾಳ ಬಾರಸಾಕ ಬರೂದಿಲ್ಲ, ಅಷ್ಟ. ಅವರು ನಮ್ಮಪ್ಪ.”

ಅಷ್ಟಕ್ಕೇ ನಿಲ್ಲಿಸಲಿಲ್ಲ. ಹಿಂದೆಯೇ ಓಡಿಬಂದಿದ್ದ ತಾರಾಳತ್ತ ತಿರುಗಿ, ನೀನು ಬರುತ್ತೀಯೆಂದೇ ಅಪ್ಪ ಈ ಕೋಟು ಹೊಲಿಸಿದ್ದಾರೆ, ನಿಮ್ಮ ತಂದೆಯ ಕೋಟಿನಂತೆಯೇ, ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ತಾರಾ ಒಮ್ಮೆ ನನ್ನನ್ನೂ ಒಮ್ಮೆ ಬ್ಯಾಂಡಿನ ಸಾಲನ್ನೂ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಪಲ್ಲವಿಗೂ ತಡೆಯಲಾಗಲಿಲ್ಲ. ಆಮೇಲೆ ಬ್ಯಾಂಡಿನವರು, ಆಮೇಲೆ ಮದುಮಗ. ಕೊನೆಗೆ ನಾನೂ.

ನಗದೆ ಉಳಿದವರು ಚನ್ನಬಸಪ್ಪನವರೊಬ್ಬರೇ. “ಶಿವಶಿವಾ, ಬೀಗರ ಕೈಯಾಗ ತಾಳ ಕೊಟ್ಟೆನಲ್ಲೋ! ತಪ್ಪಾತ್ರಿ ಯಪ್ಪಾ” ಎಂದು ಒದ್ದಾಡಿ, ಬೇಡಬೇಡವೆಂದರೂ ಕೇಳದೆ ತಮ್ಮ ತಲೆಯ ಕೆಂಪು ರುಮಾಲನ್ನು ಬಿಚ್ಚಿ ನನ್ನ ತಲೆಗೆ ಸುತ್ತಿದರು. ಇದು ನಮ್ಮ ಸೀಮೆಯಲ್ಲಿ ದೊಡ್ಡ ಮರ್ಯಾದೆ. ಆದರೆ ಆ ಕೋಟಿನ ಮೇಲೆ ಆ ರುಮಾಲು ಏರಿದ್ದೇ ತಡ, ಸಾದಾ ಬ್ಯಾಂಡಿನವನಾಗಿದ್ದ ನನಗೆ ಬ್ಯಾಂಡ್ ಮಾಸ್ತರನ ಪದವಿಗೆ ಬಡ್ತಿ ದೊರೆಯಿತು. ಕುಣಿಯುವ ಹುಡುಗನೊಬ್ಬ ಬಂದು, “ಮಾಸ್ತರ, ಇನ್ನಷ್ಟು ಜೋರಾಂದು ಹಚ್ರಿ” ಎಂದು ಗೌರವದಿಂದ ವಿನಂತಿಸಿದ.

ತಾಳಗಳನ್ನು ಹಿಂತಿರುಗಿಸಲು ಹೋದೆ. ಪಲ್ಲವಿ ತಡೆದಳು.

“ಇರಲಿ ಅಪ್ಪಾ. ನಾ ಹೇಳ್ತೇನಿ, ಆವಾಗ ಹೊಡಿ.”

ಬ್ಯಾಂಡು ಮತ್ತೆ ಶುರುವಾಯಿತು. ಮೆರವಣಿಗೆ ಬಿಸಿಲಿನಲ್ಲಿ ನಿಧಾನವಾಗಿ ಮುಂದೆ ಸಾಗಿತು. ಮಗಳು ನನ್ನ ಪಕ್ಕದಲ್ಲೇ ನಡೆಯುತ್ತ, ಡೋಲಿಗೆ ಕಿವಿಗೊಟ್ಟು, ನನ್ನ ಕೋಟಿನ ತೋಳನ್ನು ಹಿಡಿದುಕೊಂಡು ಹೇಳುತ್ತಿದ್ದಳು: “ಈಗ. ತಡಿ ತಡಿ. ಹಾಂ, ಈಗ.” ಹೊಡೆದೆ. ತುಸು ತಡವಾಯಿತೆಂದು ತೋರುತ್ತದೆ. ಯಾರೂ ಮೆರವಣಿಗೆ ನಿಲ್ಲಿಸಲಿಲ್ಲ.